ರಿಲಾ ಮಠ: ಊರೂರು ಸೇರಿ ಎತ್ತಿ ಕಟ್ಟಿದ್ದು

ಶುಕ್ರವಾರ, ಸೋಫಿಯಾ

ಬಲ್ಗೇರಿಯಾಕ್ಕೆ ಬಂದವರಲ್ಲಿ ಹೆಚ್ಚಿನವರು ರಿಲಾ ಮಠವನ್ನು ಒಂದೇ ದಿನದಲ್ಲಿ ನೋಡಿ ಮುಗಿಸುತ್ತಾರೆ. ಬೆಳಿಗ್ಗೆ ಸೋಫಿಯಾದಲ್ಲಿ ಬಸ್ಸು ಹತ್ತಿ, ಮಧ್ಯಾಹ್ನ ಅಂಗಳದಲ್ಲಿ ಫೋಟೊ ತೆಗೆಸಿಕೊಂಡು, ಸಂಜೆಗೆ ಹೋಟೆಲಿಗೆ ವಾಪಸ್. ನನಗೆ ಮಠದಲ್ಲೇ ರಾತ್ರಿ ಉಳಿಯಬೇಕೆಂಬ ಆಸೆ ಬಹಳ ವರ್ಷದ್ದು. ಸೋಫಿಯಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅಕ್ಕನ ಮಗ, "ಬನ್ನಿ ಚಿಕ್ಕಮ್ಮ, ಕಾರಲ್ಲೇ ಹೋಗೋಣ" ಅಂದ. ಅಕ್ಟೋಬರ್ ಮೊದಲ ವಾರ. ಬೆಟ್ಟದ ಮೇಲಿನ ಬೀಚ್ ಮರಗಳು ಹಳದಿಗೆ ತಿರುಗುವ ಕಾಲ.

ರಿಲಾಕ್ಕೆ ಹೊರಡುವ ಮೊದಲು ಬೊಯಾನಾ ಚರ್ಚನ್ನು ನೋಡಲೇಬೇಕು ಎಂದು ಹಟ ಹಿಡಿದೆ. ಸೋಫಿಯಾದ ಅಂಚಿನಲ್ಲಿ, ವಿತೋಷಾ ಬೆಟ್ಟದ ಬುಡದಲ್ಲಿರುವ ಪುಟ್ಟ ಚರ್ಚು ಅದು. ಒಳಗಿನ ಭಿತ್ತಿಚಿತ್ರಗಳು 1259ರವು. ಒಂದು ಸಲಕ್ಕೆ ಕೆಲವೇ ಜನರನ್ನು ಬಿಡುತ್ತಾರೆ, ಹತ್ತು ನಿಮಿಷದಲ್ಲಿ ಹೊರಗೆ ಕಳಿಸುತ್ತಾರೆ. ನಮ್ಮ ಉಸಿರಿನ ತೇವವೇ ಆ ಬಣ್ಣಗಳಿಗೆ ಶತ್ರು. ಚರ್ಚಿಗೆ ಹಣ ಕೊಟ್ಟ ಕಲೊಯಾನ್ ಎಂಬ ಸರದಾರ ಅಂಗೈಯಲ್ಲಿ ಅದೇ ಚರ್ಚಿನ ಪುಟ್ಟ ಪ್ರತಿಕೃತಿ ಹಿಡಿದು ನಿಂತಿದ್ದಾನೆ. ಹೆಂಡತಿ ದೆಸಿಸ್ಲಾವಾಳ ಮುಖದಲ್ಲಿ ಎಷ್ಟು ಜೀವ ಇದೆಯೆಂದರೆ, ಏಳೂವರೆ ಶತಮಾನದ ಹಿಂದೆ ಅವಳನ್ನು ಎದುರಿಗೆ ಕೂರಿಸಿಕೊಂಡೇ ಬರೆದಿರಬೇಕು ಅನ್ನಿಸುತ್ತದೆ.

20ನೇ ಶತಮಾನದ ಆರಂಭದಲ್ಲಿ ಊರವರಿಗೆ ಈ ಚರ್ಚು ಸಾಲದಾಗಿ, ಇದನ್ನು ಕೆಡವಿ ದೊಡ್ಡದು ಕಟ್ಟುವ ಮಾತು ಎದ್ದಿತ್ತಂತೆ. ತಡೆದವಳು ರಾಣಿ ಎಲಿಯೊನೋರಾ ಎಂದು ಹೇಳುತ್ತಾರೆ. 1917ರಲ್ಲಿ ತೀರಿಕೊಂಡ ಅವಳ ಸಮಾಧಿ ಚರ್ಚಿನ ಪಕ್ಕದಲ್ಲೇ ಇದೆ. ಬೊಯಾನಾದಲ್ಲಿ ಹಳೆಯದು ಉಳಿಯಿತು. ನಾಳೆ ನೋಡಲಿರುವ ರಿಲಾದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳದೆ ರಿಲಾ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಶನಿವಾರ, ಮಠದ ಅಂಗಳ

ಸೋಫಿಯಾದಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಕೊಚೆರಿನೊವೊ ಹತ್ತಿರ ಹೆದ್ದಾರಿ ಬಿಟ್ಟು ರಿಲಾ ಎಂಬ ಸಣ್ಣ ಊರನ್ನು ದಾಟಿದ ಮೇಲೆ ರಸ್ತೆ ನದಿಯ ಪಕ್ಕದಲ್ಲೇ ಕಣಿವೆಯೊಳಕ್ಕೆ ಏರುತ್ತದೆ. ಎರಡೂ ಕಡೆ ಕಾಡು ಒತ್ತಿಕೊಂಡು ಬರುತ್ತದೆ. 1147 ಮೀಟರ್ ಎತ್ತರದಲ್ಲಿ, ಒಂದು ತಿರುವಿನಲ್ಲಿ, ಥಟ್ಟನೆ ಮಠದ ಗೋಡೆ. ಹೊರಗಿನಿಂದ ನೋಡಿದರೆ ಇದು ಕೋಟೆಯೇ: ಎತ್ತರದ ಕಲ್ಲುಗೋಡೆ, ಕೆಳಗೆ ಕಿಟಕಿಗಳೇ ಇಲ್ಲ, ಮೇಲೆ ಸಾಲಾಗಿ ಸಣ್ಣ ಕಿಂಡಿಗಳು. ಪಶ್ಚಿಮಕ್ಕೆ ದುಪ್ನಿತ್ಸಾ ಬಾಗಿಲು, ಪೂರ್ವಕ್ಕೆ ಸಮೊಕೊವ್ ಬಾಗಿಲು.

ದುಪ್ನಿತ್ಸಾ ಬಾಗಿಲಿನ ಕಮಾನು ದಾಟಿ ಒಳಗೆ ಕಾಲಿಟ್ಟರೆ ಕಣ್ಣಿಗೆ ಹಬ್ಬ. ಕಲ್ಲು ಹಾಸಿದ ಅಂಗಳದ ಸುತ್ತ ಮೂರು ನಾಲ್ಕು ಮಹಡಿಯ ಮರದ ಜಗಲಿಗಳು. ಬಿಳಿ ಗಾರೆಯ ಮೇಲೆ ಕೆಂಪು, ಕಪ್ಪು ಪಟ್ಟೆ ಬಳಿದ ಕಮಾನುಗಳ ಸಾಲು. ನಡುವೆ ಐದು ಗುಮ್ಮಟದ ಚರ್ಚು. ಅದರ ಪಕ್ಕದಲ್ಲಿ, ಈ ಬಣ್ಣಗಳಿಗೆಲ್ಲ ತನಗೂ ಸಂಬಂಧವಿಲ್ಲ ಎನ್ನುವಂತೆ, ಒರಟು ಕಲ್ಲಿನ ಚೌಕದ ಗೋಪುರ.

ಆ ಗೋಪುರದಿಂದಲೇ ಶುರುಮಾಡಿದೆವು. ಹ್ರೆಲ್ಯೊ ಎಂಬ ಪಾಳೆಯಗಾರ 1334-35ರಲ್ಲಿ ಕಟ್ಟಿಸಿದ್ದು. ಎತ್ತರ 23 ಮೀಟರ್. ಗೋಡೆಯ ಮೇಲೆ ಇಟ್ಟಿಗೆ ಚೂರುಗಳನ್ನೇ ಅಕ್ಷರಗಳಾಗಿ ಜೋಡಿಸಿ ಶಾಸನ ಬರೆದಿದ್ದಾರೆ: ಸೆರ್ಬಿಯಾದ ದೊರೆ ಸ್ಟೆಫಾನ್ ದುಶಾನನ ಆಳ್ವಿಕೆಯಲ್ಲಿ, ಬಹಳ ಶ್ರಮಪಟ್ಟು ಹ್ರೆಲ್ಯೊ ಇದನ್ನು ಕಟ್ಟಿಸಿದನೆಂದು. ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ. 14ನೇ ಶತಮಾನದ ಚಿತ್ರಗಳು ಅಲ್ಲಿ ಅಲ್ಲಲ್ಲಿ ಉಳಿದಿವೆ. ಇಡೀ ಆವರಣದಲ್ಲಿ ಆ ಕಾಲದಿಂದ ನಿಂತೇ ಇರುವ ಕಟ್ಟಡ ಇದೊಂದೇ.

"ಹತ್ತನೇ ಶತಮಾನದ ಮಠ ಅಂತ ಬೋರ್ಡಲ್ಲಿ ಹಾಕಿದ್ದಾರಲ್ಲ ಚಿಕ್ಕಮ್ಮ, ಉಳಿದಿದ್ದು ಎಲ್ಲಿ?" ಎಂದು ಹುಡುಗ ಕೇಳಿದ. ಅಂಗಳದ ಕಟ್ಟೆಯ ಮೇಲೆ ಕೂತು ನನಗೆ ಗೊತ್ತಿದ್ದಷ್ಟು ಹೇಳಿದೆ.

ಮೂಲಪುರುಷ ರಿಲಾದ ಸಂತ ಇವಾನ್, 946ರಲ್ಲಿ ತೀರಿಕೊಂಡವರು. ಸ್ಕ್ರಿನೊ ಎಂಬ ಹಳ್ಳಿಯವರು. ಎಲ್ಲ ಬಿಟ್ಟು ಈ ಕಾಡಿನ ಗುಹೆ ಸೇರಿದರು. ಶಿಷ್ಯರು ಗುಹೆಯ ಹತ್ತಿರ ಕಟ್ಟಿಕೊಂಡದ್ದೇ ಮೊದಲ ಮಠ. ಅದನ್ನು ಕೆಲವು ಕಿಲೋಮೀಟರ್ ಕೆಳಗೆ, ಈಗಿನ ಜಾಗಕ್ಕೆ ತಂದವನು ಹ್ರೆಲ್ಯೊ. 15ನೇ ಶತಮಾನದಲ್ಲಿ, ಒಟ್ಟೋಮನ್ ಆಳ್ವಿಕೆ ಬಂದ ಮೇಲೆ, ದಾಳಿಗೆ ಸಿಕ್ಕಿ ಮಠ ಹಾಳುಬಿತ್ತು. ಯೊಆಸಾಫ್, ದವಿದ್, ತೆಯೊಫಾನ್ ಎಂಬ ಮೂವರು ಅಣ್ಣತಮ್ಮಂದಿರು ಬಂದು ಮತ್ತೆ ದೀಪ ಹಚ್ಚಿದರು. 1469ರಲ್ಲಿ ಸಂತನ ಪವಿತ್ರ ಅವಶೇಷಗಳು ತರ್ನೊವೊ ನಗರದಿಂದ ಇಲ್ಲಿಗೆ ಮರಳಿದವು. ಅದಕ್ಕೆ ನೆರವಾದವಳು ಸುಲ್ತಾನ್ ಎರಡನೇ ಮುರಾದನ ವಿಧವೆ ಮಾರಾ ಬ್ರಾಂಕೊವಿಚ್, ಕ್ರೈಸ್ತಳಾಗಿಯೇ ಉಳಿದಿದ್ದ ಸೆರ್ಬಿಯಾದ ರಾಜಕುಮಾರಿ. ಆ ಮೆರವಣಿಗೆ ಊರೂರು ದಾಟಿ ಬಂದ ಕತೆಯನ್ನು ವ್ಲಾದಿಸ್ಲಾವ್ ಎಂಬ ವಿದ್ವಾಂಸ ಬರೆದಿಟ್ಟಿದ್ದಾನೆ. ರಾಜ್ಯವೂ ಇಲ್ಲ, ರಾಜನೂ ಇಲ್ಲ ಎನ್ನುವ ಸ್ಥಿತಿಯಲ್ಲಿದ್ದ ಜನಕ್ಕೆ ತಮ್ಮವರೊಬ್ಬರು ಮನೆಗೆ ಮರಳಿದ ಹಾಗೆ ಆಗಿರಬೇಕು.

ಇಷ್ಟು ಹಿನ್ನೆಲೆ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಮುಂದಿನ ಭಾಗ.

1816ರಿಂದ 1819ರವರೆಗೆ ಅಲೆಕ್ಸಿ ಎಂಬ ಮೇಸ್ತ್ರಿ ಇಲ್ಲಿ ಹೊಸದಾಗಿ ವಸತಿಯ ಸಾಲುಗಳನ್ನು ಎಬ್ಬಿಸಿದ. ಕೆಳಗಿನ ರಿಲಾ ಊರಿನವನೇ. 1833ರ ಜನವರಿಯಲ್ಲಿ ಬೆಂಕಿ ಬಿತ್ತು. ಮರದ ಜಗಲಿ, ಮರದ ಮೆಟ್ಟಿಲು, ಮರದ ಚಾವಣಿ. ಹೊತ್ತಿಕೊಂಡ ಮೇಲೆ ಕೇಳಬೇಕೆ? ಸಾಲುಮನೆಗಳು ಸುಟ್ಟು ಬೂದಿಯಾದವು. ಸುದ್ದಿ ಬಲ್ಗೇರಿಯಾದ ಊರುಗಳಿಗೆ ಮುಟ್ಟಿದ್ದೇ ತಡ, ಹಣ, ಮರ, ಕಬ್ಬಿಣ, ಕೈಕೆಲಸದವರು ಬೆಟ್ಟ ಹತ್ತತೊಡಗಿದರು. ಮಠದ ಸಂಚಾರಿ ಸನ್ಯಾಸಿಗಳು ಎಷ್ಟೋ ಕಾಲದಿಂದ ಊರೂರು ತಿರುಗಿ ಮಕ್ಕಳಿಗೆ ಅಕ್ಷರ ಕಲಿಸಿ, ಕಾಣಿಕೆ ಎತ್ತಿ ತರುತ್ತಿದ್ದರು. ಆ ನಂಟು ಈಗ ಕೈಹಿಡಿಯಿತು. ಕ್ರೈಸ್ತರು ಚರ್ಚು ಕಟ್ಟಬೇಕಾದರೆ ಸುಲ್ತಾನನ ಫರ್ಮಾನು ಬೇಕಿದ್ದ ಕಾಲದಲ್ಲಿ ಮರುವರ್ಷವೇ, 1834ರಲ್ಲಿ, ಕೆಲಸ ಶುರುವಾಯಿತು. ಮುಂದೆ ನಿಂತು ಮಾಡಿಸಿದವನು ಅದೇ ಅಲೆಕ್ಸಿ. ತಾನು ಎಬ್ಬಿಸಿದ ಗೋಡೆಗಳು ಬೂದಿಯಾದದ್ದನ್ನು ಕಂಡವನು ಮತ್ತೆ ಗಾರೆ ಕಲೆಸಲು ನಿಂತ. ದಕ್ಷಿಣದ ಸಾಲನ್ನು 1847ರಲ್ಲಿ ಮಿಲೆಂಕೊ ಎಂಬ ಇನ್ನೊಬ್ಬ ಮೇಸ್ತ್ರಿ ಮುಗಿಸಿದ. ಒಟ್ಟು ಕೆಲಸ 1862ರವರೆಗೆ ನಡೆಯಿತು.

ಹ್ರೆಲ್ಯೊ 1343ರಲ್ಲಿ ಕಟ್ಟಿಸಿದ್ದ ಹಳೆಯ ಚರ್ಚನ್ನು ಮಾತ್ರ ಆಗ ಉಳಿಸಿಕೊಳ್ಳಲಿಲ್ಲ. ಅದನ್ನು ಕೆಡವಿ, ಆ ಜಾಗದಲ್ಲಿ ಪಾವೆಲ್ ಎಂಬ ಶಿಲ್ಪಿಯ ಕೈಯಲ್ಲಿ ಈಗಿನ ದೊಡ್ಡ ಚರ್ಚನ್ನು ಎಬ್ಬಿಸಿದರು. 14ನೇ ಶತಮಾನದ ಗೋಡೆ, ಅದರ ಮೇಲಿನ ಚಿತ್ರ ಎಲ್ಲ ಹೋಯಿತು. ಇವತ್ತಿನ ಪುರಾತತ್ವದವರು ಯಾರೂ ಒಪ್ಪದ ಕೆಲಸ. ನಿನ್ನೆ ಬೊಯಾನಾ ನೋಡಿ ಬಂದ ನನಗೂ ನೋವಾಗುತ್ತದೆ. ಆದರೆ ಆ ಜನ ಸ್ಮಾರಕ ಉಳಿಸಲು ಹೊರಟಿರಲಿಲ್ಲ. ಯಾತ್ರಿಕರು ತುಂಬಿ ತುಳುಕುವ, ಬೀಗವಿಲ್ಲದ ಮನೆ ಅವರಿಗೆ ಬೇಕಿತ್ತು.

"ಹಾಗಾದ್ರೆ ಇದಕ್ಕೆ ಇನ್ನೂರು ವರ್ಷವೂ ಆಗಿಲ್ಲ. ಯುನೆಸ್ಕೊದವರು ಹೇಗೆ ಒಪ್ಪಿದ್ರು?"

ಒಳ್ಳೆಯ ಪ್ರಶ್ನೆ ಕೇಳಿದೆ ಕಣೋ ಅಂದೆ. 1983ರಲ್ಲಿ ರಿಲಾ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಆರನೇ ಮಾನದಂಡ ಒಂದರ ಮೇಲೆಯೇ. ವಾಸ್ತುವಿನ ಹಳಮೆ, ಚಿತ್ರಗಳ ಸೊಬಗು ಯಾವುದನ್ನೂ ಆಧಾರವಾಗಿ ಹಿಡಿಯದೆ, ಒಂದು ಜನತೆಯ ಎಚ್ಚರದೊಂದಿಗೆ ಈ ಕಟ್ಟಡಕ್ಕಿರುವ ಸಂಬಂಧವನ್ನೇ ಕಾರಣವಾಗಿ ಕೊಟ್ಟರು. 19ನೇ ಶತಮಾನದ ಬಲ್ಗೇರಿಯನ್ ಪುನರುಜ್ಜೀವನದ, ಅಂದರೆ ಒಟ್ಟೋಮನ್ ಆಳ್ವಿಕೆಯಡಿ ಆ ಜನ ತಮ್ಮತನಕ್ಕೆ ಎಚ್ಚೆತ್ತ ಕಾಲದ, ಗುರುತು ಎಂದು ಅವರು ಎತ್ತಿ ಹಿಡಿದದ್ದು 1834ರಿಂದ 1862ರವರೆಗಿನ ಈ ಮರುನಿರ್ಮಾಣವನ್ನೇ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ರಿಲಾದಲ್ಲಿ ನೋಡಬೇಕಾದ ಇತಿಹಾಸ ಈ ಜೀರ್ಣೋದ್ಧಾರವೇ.

ಇಳಿಬಿಸಿಲಿಗೆ ಚರ್ಚಿನ ಹೊರ ಪಡಸಾಲೆಯ ಚಿತ್ರಗಳು ಹೊತ್ತಿಕೊಂಡ ಹಾಗೆ ಕಾಣುತ್ತವೆ. ಕಮಾನು, ಗೋಡೆ, ಸಣ್ಣ ಗುಮ್ಮಟಗಳ ಒಳಮೈ, ಎಲ್ಲೂ ಅಂಗೈಯಗಲ ಜಾಗ ಖಾಲಿ ಬಿಟ್ಟಿಲ್ಲ. 1846ರಲ್ಲಿ ಮುಗಿದ ಈ ಕೆಲಸವನ್ನು ಸಮೊಕೊವ್, ಬಾನ್ಸ್ಕೊ ಊರುಗಳ ಚಿತ್ರಕಾರರು ಹಂಚಿಕೊಂಡು ಮಾಡಿದರು; ಹೆಸರು ಬರೆದವನು ಜಹಾರಿ ಜೊಗ್ರಾಫ್ ಒಬ್ಬನೇ. ಅಂತಿಮ ತೀರ್ಪಿನ ಚಿತ್ರದಲ್ಲಿ ಪಾಪಿಗಳ ಸಾಲು ನೋಡಿ: ತಲೆಯ ಮೇಲಿನ ಟೋಪಿ, ನಡುವಿನ ಪಟ್ಟಿ, ತುಪ್ಪಳದ ಅಂಚಿನ ಕೋಟು ಎಲ್ಲವೂ 1840ರ ದಶಕದ ಬಲ್ಗೇರಿಯನ್ ಸಾಹುಕಾರರದ್ದೇ.

ನಾನು ಬಹಳ ಹೊತ್ತು ನಿಂತದ್ದು ಮಾಟಗಾತಿಯ ಚಿತ್ರದ ಮುಂದೆ. ಹಳ್ಳಿಯ ಹೆಂಗಸೊಬ್ಬಳು ಕೂತು ಮದ್ದು ಕೊಡುತ್ತಿದ್ದಾಳೆ. ಕಾಯಿಲೆಯವರು, ಮಗು ಎತ್ತಿಕೊಂಡವರು ಸಾಲಾಗಿ ಬರುತ್ತಿದ್ದಾರೆ. ಅವರ ಕಣ್ಣಿಗೆ ಕಾಣದ ದೆವ್ವಗಳು ಸುತ್ತ ಕುಣಿಯುತ್ತ, ಆ ಮದ್ದಿಗೇ ಹೊಲಸು ಸೇರಿಸುತ್ತಿವೆ. ಓದು ಬಾರದ ಯಾತ್ರಿಕನೂ ನಿಂತು ನೋಡಿ ತಿಳಿದುಕೊಳ್ಳುವ ಹಾಗಿದೆ. ಬಂದ ಕಾಣಿಕೆಯನ್ನು ಹೀಗೆ ಚಿತ್ರವಾಗಿ ಮಾಡಿ ಕೊಟ್ಟವರ ಮುಂದೆಯೇ ಇಟ್ಟಿದ್ದಾರಲ್ಲ ಎಂದು ಖುಷಿಯಾಯಿತು.

ಸಂಜೆ ಬಸ್ಸುಗಳು ಹೋದ ಮೇಲೆ ಬಾಗಿಲು ಹಾಕಿದರು. ನಮಗೆ ಕೊಟ್ಟ ಕೋಣೆಯಲ್ಲಿ ಮಂಚ, ಕಂಬಳಿ, ಪೂಜೆಗಿಡುವ ಚಿತ್ರಪಟದಂಥ ಒಂದು ಸಣ್ಣ ಐಕನ್. ಊಟಕ್ಕೆ ಹೊರಗಿನ ಹೋಟೆಲಿನಿಂದ ಮೊದಲೇ ತಂದಿಟ್ಟುಕೊಂಡಿದ್ದ ಬೀನ್ಸ್ ಸೂಪು, ಬ್ರೆಡ್ಡು, ಕುರಿಹಾಲಿನ ಗಟ್ಟಿ ಮೊಸರು. ಆ ಮೊಸರಿನ ಮುಂದೆ ಬೇರೆ ಏನೂ ಬೇಡ.

ಭಾನುವಾರ, ಪೂಜೆ, ಅಡುಗೆಮನೆ, ಗುಹೆ

ಬೆಳಗಿನ ಪೂಜೆಗೆ ಚರ್ಚು ತುಂಬಿತ್ತು. ವಾದ್ಯವಿಲ್ಲ, ಬರೀ ಕಂಠ. ಕೂರುವ ಬೆಂಚುಗಳ ಸಾಲು ಇಲ್ಲ, ಎಲ್ಲರೂ ನಿಂತೇ ಇರುತ್ತಾರೆ. ನನ್ನ ಪಕ್ಕದ ಅಜ್ಜಿ ಎರಡು ಜೇನುಮೇಣದ ಬತ್ತಿ ಹಚ್ಚಿದರು. ಒಂದನ್ನು ಮೇಲಿನ ತಟ್ಟೆಯಲ್ಲಿ, ಇನ್ನೊಂದನ್ನು ನೆಲಮಟ್ಟದ ಮರಳಿನಲ್ಲಿ ನೆಟ್ಟರು. ಮೇಲಿನದು ಬದುಕಿರುವವರಿಗೆ, ಕೆಳಗಿನದು ತೀರಿಹೋದವರಿಗೆ. ನಾನೂ ಹಾಗೇ ಮಾಡಿದೆ, ಕೆಳಗಿನದು ಅಪ್ಪನಿಗೆ.

ಎದುರಿಗೆ ಚಿನ್ನದ ಲೇಪದ, ಹತ್ತು ಮೀಟರ್ ಅಗಲದ ಕೆತ್ತನೆಯ ಮರದ ತೆರೆಗೋಡೆ: ಬಳ್ಳಿ, ಹಕ್ಕಿ, ದ್ರಾಕ್ಷಿ, ಸಿಂಹ. 1839ರಿಂದ 1842ರವರೆಗೆ ಕೆತ್ತಿದ್ದು. ಅದರ ಮುಂದೆ ಸಂತ ಇವಾನರ ಅವಶೇಷಗಳ ಪೆಟ್ಟಿಗೆ. ಜನ ಸಾಲಾಗಿ ಹೋಗಿ ಹಣೆ ಮುಟ್ಟಿಸುತ್ತಾರೆ. ಇದೇ ಚರ್ಚಿನಲ್ಲಿ ರಾಜ ಮೂರನೇ ಬೋರಿಸ್‌ನ ಸಮಾಧಿಯೂ ಇದೆ. 1943ರಲ್ಲಿ ಇಲ್ಲಿ ಹೂಳಿದ್ದ ಅವನ ದೇಹವನ್ನು ಕಮ್ಯುನಿಸ್ಟ್ ಸರ್ಕಾರ ತೆಗೆಸಿತು. ಆ ಆಡಳಿತ ಬಿದ್ದ ಮೇಲೆ ಸಿಕ್ಕ ಹೃದಯವನ್ನು ಮಾತ್ರ 1993ರಲ್ಲಿ ತಂದು ಇಟ್ಟರು. ಮಠಕ್ಕೂ ಆ ಕಾಲದಲ್ಲಿ ಹೊಡೆತ ಬಿತ್ತು: 1961ರಲ್ಲಿ ಇದನ್ನು ಮ್ಯೂಸಿಯಂ ಎಂದು ಸಾರಿ ಸನ್ಯಾಸಿಗಳನ್ನು ಬೇರೆಡೆ ಕಳಿಸಿದ್ದರು. ಕೆಲವು ವರ್ಷಗಳಲ್ಲಿ ಅವರು ಮರಳಿದರು, ಆದರೆ ಪೂರ್ತಿ ಅಧಿಕಾರ ಚರ್ಚಿನ ಕೈಗೆ ಬಂದದ್ದು 1991ರಲ್ಲಿ. ಕಟ್ಟಡಕ್ಕೆ ದುರಸ್ತಿ ನಡೆಯುತ್ತ ಒಳಗೆ ಪ್ರಾರ್ಥನೆ ನಿಂತರೆ ಅದನ್ನು ಜೀರ್ಣೋದ್ಧಾರ ಎಂದು ಕರೆಯಲು ನನಗೆ ಮನಸ್ಸು ಬಾರದು. ಈ ಬೆಳಿಗ್ಗೆ ಹಾಡು ಕೇಳುತ್ತ ನಿಂತಾಗ 1991 ಎಂಬ ಇಸವಿಯೂ 1834ರಷ್ಟೇ ದೊಡ್ಡದಾಗಿ ಕಂಡಿತು.

ಪೂಜೆ ಇರುವ ಚರ್ಚಿಗೆ ಅದರದೇ ಕಷ್ಟವೂ ಉಂಟು. ದಿನಾ ಹಚ್ಚುವ ಮೇಣದ ಬತ್ತಿಗಳ ಮಸಿ, ಜನರ ಉಸಿರಿನ ತೇವ ಎಲ್ಲ ಸೇರಿ ಒಳಗಿನ ಭಿತ್ತಿಚಿತ್ರಗಳ ಮೇಲೆ ಪದರವಾಗಿ ಕೂರುತ್ತವೆ. ಬೊಯಾನಾದಂತೆ ಹತ್ತು ನಿಮಿಷದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬತ್ತಿ ಹಚ್ಚಬೇಡಿ ಎಂದು ಆ ಅಜ್ಜಿಗೆ ಹೇಳುವವರಾರು? ಆದ್ದರಿಂದ ಇಂಥ ಚರ್ಚುಗಳನ್ನು ಆಗಾಗ ಮಸಿ ತೆಗೆದು ತೊಳೆಯುತ್ತಲೇ ಇರಬೇಕು. ಮುಗಿಯುವ ಕೆಲಸವಲ್ಲ.

ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಮುತ್ತುವುದು ರಫಾಯಿಲ್ ಎಂಬ ಸನ್ಯಾಸಿಯ ಮರದ ಶಿಲುಬೆಗೆ. ಒಂದೇ ತುಂಡು ಮರ, 81 ಸೆಂಟಿಮೀಟರ್ ಎತ್ತರ. ಅದರಲ್ಲಿ 104 ಪುರಾಣ ಪ್ರಸಂಗಗಳು, 650 ಆಕೃತಿಗಳು. ಒಂದೊಂದು ತಲೆಯೂ ಅಕ್ಕಿಕಾಳಿನಷ್ಟಿಲ್ಲ. ಹನ್ನೆರಡು ವರ್ಷ ಕೆತ್ತಿ 1802ರಲ್ಲಿ ಮುಗಿಸುವ ಹೊತ್ತಿಗೆ ಅವರ ಕಣ್ಣು ಹೋಗಿತ್ತು. ದೊರೆ ಇವಾನ್ ಶಿಶ್ಮಾನ್ 1378ರಲ್ಲಿ ಮಠಕ್ಕೆ ಬರೆದುಕೊಟ್ಟ ದಾನಪತ್ರವೂ ಇಲ್ಲಿದೆ. ಆದರೆ ನಾನು ಹುಡುಕಿಕೊಂಡು ಹೋದದ್ದು ಹ್ರೆಲ್ಯೊನ ಚರ್ಚಿನ ಕೆತ್ತನೆಯ ಬಾಗಿಲನ್ನು. ಕೆಡವಿದವರು ಅದನ್ನು ಒಲೆಗೆ ಹಾಕದೆ ಎತ್ತಿಟ್ಟರು ಎಂಬುದೇ ಸಮಾಧಾನ.

ಮೇಲಿನ ಮಹಡಿಯ ಅತಿಥಿ ಕೋಣೆಗಳನ್ನು ನೋಡದೆ ಬರಬಾರದು. ಕೊಪ್ರಿವ್‌ಷ್ಟಿತ್ಸಾ, ಗಾಬ್ರೊವೊ, ತೆತೆವೆನ್ ಹೀಗೆ ಒಂದೊಂದಕ್ಕೆ ಒಂದೊಂದು ಊರಿನ ಹೆಸರು. ಬೆಂಕಿಯ ನಂತರ ಆಯಾ ಊರಿನವರು ಖರ್ಚು ಹೊತ್ತು ಸಿಂಗರಿಸಿದ ಕೋಣೆಗಳು. ಕೆತ್ತಿದ ಚಾವಣಿ, ಗೋಡೆಯ ಮೇಲೆ ಹೂಬಳ್ಳಿ, ಸುತ್ತ ಕೂರಲು ಜಮಖಾನ ಹಾಸಿದ ಜಗಲಿ. ಆ ಊರಿನ ಯಾತ್ರಿಕರು ಬಂದರೆ ಇಳಿದುಕೊಳ್ಳುವುದು ಅಲ್ಲೇ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದಕ್ಕಿಂತ ಇದು ಎಷ್ಟೋ ಮೇಲು.

ಉತ್ತರದ ಸಾಲಿನ ಕೆಳಗೆ ಅಡುಗೆಮನೆ. ಅಲೆಕ್ಸಿ ಮೇಸ್ತ್ರಿ 1816ರ ಸುಮಾರಿಗೆ ಕಟ್ಟಿದ್ದು. ನಡುವೆ ನಿಂತು ತಲೆ ಎತ್ತಿದೆ. ಚೌಕದ ಗೋಡೆ ಮೇಲೆ ಹೋಗುತ್ತ ಎಂಟು ಮೂಲೆಯಾಗುತ್ತದೆ. ಒಂದರ ಮೇಲೊಂದು ಕಮಾನುಗಳ ಸುತ್ತು, ಪ್ರತಿ ಸುತ್ತೂ ಕೆಳಗಿನದಕ್ಕಿಂತ ಸ್ವಲ್ಪ ಕಿರಿದು. ಹೀಗೆ ಕಿರಿದಾಗುತ್ತ ಎಲ್ಲ ಮಹಡಿಗಳನ್ನೂ ತೂರಿಕೊಂಡು 22 ಮೀಟರ್ ಮೇಲೆ ಒಂದು ಬೆಳಕಿಂಡಿ. ಇಡೀ ಕೋಣೆಯೇ ಹೊಗೆಗೂಡು. ಒಳಗೋಡೆ ಕರ್ರಗೆ ಮಸಿ ಹಿಡಿದು ಮಿರುಗುತ್ತಿತ್ತು. ಬೆರಳಿಟ್ಟರೆ ಅಂಟುವುದಿಲ್ಲ, ಅಷ್ಟು ಗಟ್ಟಿ. ಕೆಳಗೆ ಯಾತ್ರಿಕರಿಗೆ ಬೇಯಿಸುತ್ತಿದ್ದ ಭಾರಿ ಕೊಪ್ಪರಿಗೆಗಳು. ಅಲೆಕ್ಸಿಯ ಜಾಣ್ಮೆ ಚರ್ಚಿಗಿಂತ ಇಲ್ಲಿ ಹೆಚ್ಚು ಕಾಣುತ್ತದೆ.

ಮಧ್ಯಾಹ್ನ ಗುಹೆಗೆ. ಮಠದಿಂದ ನಾಲ್ಕು ಕಿಲೋಮೀಟರ್ ಕಾರಿನಲ್ಲಿ, ಆಮೇಲೆ ಕಾಡಿನ ಕಾಲುದಾರಿ. ಆಗಿನ ಬಲ್ಗೇರಿಯಾದ ರಾಜ ಪೀಟರ್ ಸಂತನನ್ನು ನೋಡಲು ಈ ಬೆಟ್ಟಕ್ಕೇ ಬಂದನಂತೆ. ಅವರು ಹತ್ತಿರ ಸೇರಿಸಲಿಲ್ಲ. ಇಬ್ಬರೂ ದೂರದಿಂದಲೇ ಒಬ್ಬರಿಗೊಬ್ಬರು ತಲೆಬಾಗಿದರು. ಕಳಿಸಿದ್ದ ಹಣ್ಣನ್ನು ಇಟ್ಟುಕೊಂಡು ಚಿನ್ನವನ್ನು ವಾಪಸು ಕೊಟ್ಟರು ಎನ್ನುತ್ತದೆ ಕತೆ. ಗುಹೆಯ ಒಳಗಿಂದ ಮೇಲಕ್ಕೆ ಇಕ್ಕಟ್ಟಿನ ಬಿಲ. ಪಾಪ ಮಾಡಿದವರು ಅದರಲ್ಲಿ ಸಿಕ್ಕಿಕೊಳ್ಳುತ್ತಾರೆಂದು ನಂಬಿಕೆ. ಹುಡುಗ ಮೊದಲು ತೂರಿ ಮೇಲಿನಿಂದ ಕೈ ಕೊಟ್ಟ, ನಾನೂ ಹೊರಬಂದೆ. ಬಂಡೆಯ ಬಿರುಕುಗಳಲ್ಲಿ ಜನ ಹರಕೆ ಬರೆದು ಮಡಚಿಟ್ಟ ಚೀಟಿಗಳು.

ಸೋಮವಾರ, ಸಮೊಕೊವ್

ಬಾಗಿಲಿನ ಹೊರಗೆ ಬಿಸಿಬಿಸಿ ಮೆಕಿತ್ಸಾ ತಿಂದು ಹೊರಟೆವು. ಸಕ್ಕರೆ ಪುಡಿ ಉದುರಿಸಿದ, ಎಣ್ಣೆಯಲ್ಲಿ ಉಬ್ಬಿದ ಹಿಟ್ಟು. ಸಮೊಕೊವ್ ಬೆಟ್ಟದ ಆಚೆ ಮಗ್ಗುಲಿನಲ್ಲೇ ಇದ್ದರೂ ಕಾರಿಗೆ ದುಪ್ನಿತ್ಸಾ ಸುತ್ತಿಕೊಂಡೇ ಹೋಗಬೇಕು.

ಕಬ್ಬಿಣದ ವ್ಯಾಪಾರದಿಂದ ಬೆಳೆದ ಈ ಊರು ಚಿತ್ರಕಾರರ ಮನೆತನಗಳಿಗೆ ಹೆಸರುವಾಸಿ. ಜಹಾರಿ 1810ರಲ್ಲಿ ಹುಟ್ಟಿದ್ದು ಇಲ್ಲೇ. ಅಪ್ಪ ಹ್ರಿಸ್ತೊ ದಿಮಿತ್ರೊವ್ ಈ ಪರಂಪರೆ ಶುರುಮಾಡಿದವರು, ಅಣ್ಣ ದಿಮಿತರ್ ಕೂಡ ಚಿತ್ರಕಾರ. ಓದು ಕಲಿಸಿದವರು ರಿಲಾ ಮಠದ ನೆಯೊಫಿತ್. 1835ರಲ್ಲಿ ಗಾಬ್ರೊವೊದ ಹೊಸ ಬಗೆಯ ಶಾಲೆಯನ್ನು ನಡೆಸಿದ, ಬಲ್ಗೇರಿಯನ್ ವ್ಯಾಕರಣ ಬರೆದ ಮೇಷ್ಟ್ರು. ಮುಂದೆ ಅವರೇ ಮಠದ ಮುಖ್ಯಸ್ಥರಾದರು. ರಿಲಾದ ಗೋಡೆ, ಗಾಬ್ರೊವೊದ ಶಾಲೆ, ಸಮೊಕೊವ್‌ನ ಕುಂಚ ಮೂರೂ ಒಂದೇ ನೂಲಿನಲ್ಲಿ ಪೋಣಿಸಿಕೊಂಡಿವೆ. ಜಹಾರಿ ಕೊನೆಗಾಲದಲ್ಲಿ ಈಗಿನ ಗ್ರೀಸಿನಲ್ಲಿರುವ ಆಥೊಸ್ ಬೆಟ್ಟದ ಮಠಕ್ಕೂ ಹೋಗಿ ಚಿತ್ರ ಬರೆದು ಬಂದ, 1853ರಲ್ಲಿ ತೀರಿಕೊಂಡ.

ಊರಿನ ಬಾಯ್ರಕ್ಲಿ ಮಸೀದಿಯನ್ನು ನೋಡಿ ಹುಡುಗನಿಗೂ ನನಗೂ ಮಾತೇ ಹೊರಡಲಿಲ್ಲ. 19ನೇ ಶತಮಾನದ ಮಧ್ಯದಲ್ಲಿ ಅದರ ಗೋಡೆಗಳಿಗೆ ಹೂಬಳ್ಳಿ ಬರೆದವರು ಸಮೊಕೊವ್‌ನ ಚಿತ್ರಕಾರರೇ. ಚರ್ಚಿನ ಕಮಾನಿಗೆ ಬಳ್ಳಿ ಬರೆಯುತ್ತಿದ್ದ ಕೈಗಳು ಇಲ್ಲೂ ಬಳ್ಳಿ ಬರೆದಿವೆ. ಆಳುವವರ ಮೇಲೆ ಕೋಪ ಕುದಿಯುತ್ತಿದ್ದ ಕಾಲದಲ್ಲೂ ಕಸುಬು ತನ್ನ ಪಾಡಿಗೆ ಎರಡೂ ಮನೆಗೆ ಹೋಗಿ ಬಂದಿದೆ.

ಇವರು ಒಂದೇ ಆಕೃತಿಯನ್ನು ಊರೂರಲ್ಲಿ ಹೇಗೆ ಬರೆಯುತ್ತಿದ್ದರು ಎಂದು ಹುಡುಗ ಕೇಳಿದ. ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಸಾಲು ತೂತು ಮಾಡುತ್ತಿದ್ದರು. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿ ತಟ್ಟಿದರೆ ಗೋಡೆಯ ಮೇಲೆ ಚುಕ್ಕಿಗಳ ಸಾಲು ಮೂಡುತ್ತದೆ. ಅದನ್ನು ಕೂಡಿಸಿ ಬಣ್ಣ ತುಂಬುವುದು. ಬಣ್ಣ ಅರೆಯುವ ಕ್ರಮ, ಯಾವ ಸಂತನಿಗೆ ಯಾವ ಗಡ್ಡ, ಯಾವ ಉಡುಪು ಎಂಬುದಕ್ಕೆಲ್ಲ ಕೈಬರಹದ ಕಟ್ಟುಗಳಿದ್ದವು. ಅಪ್ಪನಿಂದ ಮಗ ನಕಲು ಮಾಡಿಕೊಳ್ಳುತ್ತಿದ್ದ. ಇಂದು ರಿಲಾದ ಗೋಡೆಯ ಮಸಿ ತೊಳೆಯುವವರು ತಿಳಿದುಕೊಳ್ಳಬೇಕಾದದ್ದೂ ಇದನ್ನೇ: ಕೆಳಗಿನ ಗಾರೆ ಎಂಥದು, ಬಣ್ಣಕ್ಕೆ ಏನು ಬೆರೆಸಿದ್ದರು, ಎಷ್ಟು ಉಜ್ಜಿದರೆ ಮಸಿ ಹೋಗಿ ಜಹಾರಿಯ ಗೆರೆ ಉಳಿಯುತ್ತದೆ ಎಂದು.

ಮಧ್ಯಾಹ್ನ ಸಮೊಕೊವ್‌ನ ಹೆಸರಾಂತ ಆಲೂಗಡ್ಡೆಯನ್ನು ಹುರಿದು, ಮೇಲೆ ಬಿಳಿ ಚೀಸು ತುರಿದು ಕೊಟ್ಟರು. ತಿನ್ನುತ್ತ ಹುಡುಗ ಫೋನಿನಲ್ಲಿ ಕ್ಯಾಲೆಂಡರು ತೆಗೆದ. ಅಕ್ಟೋಬರ್ 19 ಸಂತ ಇವಾನರ ಹಬ್ಬ. ಆಫೀಸಿಗೆ ರಜೆ ಹಾಕಿ ಮತ್ತೆ ರಿಲಾಕ್ಕೆ ಹೋಗುತ್ತಾನಂತೆ, ಸೋಫಿಯಾದ ಗೆಳೆಯರನ್ನೂ ಕರೆದುಕೊಂಡು.